ಸುಮ್ನೆ ಒಂದು ಕಡೆ ನಿಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಹತ್ತಿರ 50 ರೂಪಾಯಿಯ ಹೊಸ ನೋಟು ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಹಿಂದುಗಡೆ ಹಂಪಿಯ ಕಲ್ಲಿನ ರಥ ಇದೆ. ಚೆನ್ನಾಗಿಯೇ ಇದೆ. ಈ ದೇಶದಲ್ಲಿ ಯಾರ ಜೇಬಿಗೆ ಕೈ ಹಾಕಿದರೂ ಆ ರಥ ಸಿಗಬಹುದು. ಹಾಗಿರುವಾಗ ರಾತ್ರಿಯೆಲ್ಲ ನಿದ್ದೆಗೆಟ್ಟು, ಬಸ್ಸಿಳಿದು, ಬಿಸಿಲಲ್ಲಿ ನಿಂತು, ಅದೇ ರಥವನ್ನು ಅದೇ ಕಡೆಯಿಂದ ನಾವೂ ಒಂದು ಸಲ ಫೋಟೋ ತೆಗೆದುಕೊಂಡು ವಾಪಸ್ ಬರುವುದು ಯಾವ ಸಂಭ್ರಮಕ್ಕೆ?

ಪ್ರವಾಸದಲ್ಲಿ ಫೋಟೋ ತೆಗೆಯುವ ಬಗ್ಗೆ ಮಾತಾಡಿ ಎಂದು ರೇಡಿಯೋ ನಿಲಯದವರು ನನ್ನನ್ನು ಕರೆದಿದ್ದಾರೆ. ನಾನು ಹೊಟ್ಟೆಪಾಡಿಗೆ ಮದುವೆ ಮುಂಜಿ ಫೋಟೋ ತೆಗೆಯುವವನು, ಖುಷಿಗೆ ಊರೂರು ತಿರುಗುವವನು. ಈಗ ನಾನು ಮಾತಾಡುತ್ತಿರುವುದು ದೊಡ್ಡ ಕ್ಯಾಮೆರಾ ಹೊತ್ತವರ ಜೊತೆ ಅಲ್ಲ. ಅವರಿಗೆ ಹೇಳಿದರೂ ಕೇಳುವುದಿಲ್ಲ ಬಿಡಿ. ದಸರಾ ರಜೆಗೋ ಬೇಸಿಗೆ ರಜೆಗೋ ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು, ಪುಳಿಯೋಗರೆ ಕಟ್ಟಿಕೊಂಡು, ಕೈಯಲ್ಲೊಂದು ಫೋನ್ ಹಿಡಿದು ಹೊರಡುತ್ತೀರಲ್ಲ, ನಿಮ್ಮ ಜೊತೆ.

ನಾನು ಹೇಳುವುದು ಒಂದೇ ಮಾತು. ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರಾದರೂ ಸಹಿಸಿಕೊಳ್ಳಿ. ಹೋದ ಕಡೆ ನಿಲ್ಲಿ. ಹತ್ತು ಜಾಗ ಸುತ್ತಬೇಡಿ. ಒಂದೇ ಜಾಗದಲ್ಲಿ ಅರ್ಧ ಗಂಟೆ ಸುಮ್ನೆ ನಿಲ್ಲಿ. ಕಾಲು ನೋಯುತ್ತದೆ ಅಂದರೆ ಕೂತುಕೊಳ್ಳಿ.

ನನ್ನನ್ನು ಕಂಡವರೆಲ್ಲ ಮೊದಲು ಕೇಳುವುದು, "ಸರ್, ಯಾವ ಫೋನ್‌ನಲ್ಲಿ ಫೋಟೋ ಚೆನ್ನಾಗಿ ಬರುತ್ತೆ?" ಅಂತ. ಎಲ್ಲ ಫೋನ್‌ನಲ್ಲೂ ಬರುತ್ತೆ ಸ್ವಾಮಿ. ಬರದೆ ಇದ್ದರೆ ಅದಕ್ಕೆ ಕಾರಣ ಫೋನ್ ಅಲ್ಲ. ನೀವು ಗಾಡಿ ಇಳಿದ ಐದು ನಿಮಿಷಕ್ಕೆ "ಹೊರಡಿ ಹೊರಡಿ, ಮುಂದಿನದಕ್ಕೆ ಟೈಮ್ ಆಯ್ತು" ಅನ್ನುತ್ತೀರಿ. ಆ ಐದು ನಿಮಿಷದಲ್ಲಿ ಅಲ್ಲಿರುವ ಜನ ನಿಮ್ಮನ್ನೇ ನೋಡುತ್ತಿರುತ್ತಾರೆ. ಮುಖ ಬಿಗಿಯಾಗಿರುತ್ತದೆ. ಯಾರಿವರು, ಏನು ಬೇಕಂತೆ ಎಂಬ ಅನುಮಾನ. ಒಂದು ಹತ್ತು ನಿಮಿಷ ಆದ ಮೇಲೆ ಅವರವರ ಕೆಲಸ ಅವರಿಗೆ. ಟೀ ಸೋಸುವವನು ಟೀ ಸೋಸುತ್ತಾನೆ. ಹೂ ಕಟ್ಟುವವಳು ಪಕ್ಕದವಳ ಜೊತೆ ಜಗಳ ಮುಂದುವರಿಸುತ್ತಾಳೆ. ಫೋಟೋ ಶುರುವಾಗುವುದೇ ಆಮೇಲೆ. ನೀವು ಅಷ್ಟು ಹೊತ್ತಿಗೆ ಮುಂದಿನ ಊರಿನ ರಸ್ತೆಯಲ್ಲಿರುತ್ತೀರಿ.

ಇದಕ್ಕೆ ನಮ್ಮ ಸೋದರತ್ತೆಯ ಕಥೆ ಹೇಳಲೇಬೇಕು. ನನ್ನ ಫೋಟೋ ತರಗತಿಗೆ ಬಂದವರಿಗೆಲ್ಲ ಇದು ಬಾಯಿಪಾಠ ಆಗಿದೆ. ಆದರೂ ಹೇಳುತ್ತೇನೆ.

ನಮ್ಮ ಅತ್ತೆ ನಂಜನಗೂಡಿನವರು. ವಯಸ್ಸು ಎಪ್ಪತ್ತು ದಾಟಿದೆ. ಒಂದು ಸಲ ಮನೆಯವರೆಲ್ಲ ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬಾದಾಮಿಗೆ ಹೋದೆವು. ಭಾವ ಒಂದು ಪಟ್ಟಿ ಹಾಕಿಕೊಂಡಿದ್ದರು. ಬೆಳಿಗ್ಗೆ ಬಾದಾಮಿ, ಆಮೇಲೆ 22 ಕಿಲೋಮೀಟರ್ ಆಚೆ ಪಟ್ಟದಕಲ್ಲು, ಊಟ ಮಾಡಿ ಐಹೊಳೆ, ಕತ್ತಲಾಗುವ ಮೊದಲು ಬನಶಂಕರಿ. ಚಾಲುಕ್ಯರು ಇನ್ನೂರು ವರ್ಷ ಕೆತ್ತಿದ್ದನ್ನು ನಾವು ಒಂದು ದಿನಕ್ಕೆ ಮುಗಿಸುವ ಲೆಕ್ಕ.

ಗುಹೆಗಳು ಬೆಟ್ಟದ ಮೇಲಿವೆ, ಮೆಟ್ಟಿಲು ಹತ್ತಬೇಕು. ಅತ್ತೆಗೆ ಮಂಡಿ ನೋವು. "ನೀವೆಲ್ಲ ಹೋಗ್ಬನ್ನಿ, ನಾನು ಇಲ್ಲೇ ಕೆರೆ ಹತ್ರ ಕೂತಿರ್ತೀನಿ" ಅಂದರು. ಅಗಸ್ತ್ಯ ತೀರ್ಥ ಅಂತ ಅದರ ಹೆಸರು. ಎರಡು ಕಡೆ ಕೆಂಪು ಬಂಡೆಯ ಬೆಟ್ಟ, ನಡುವೆ ಹಸಿರು ನೀರು, ಆ ತುದಿಯಲ್ಲಿ ಭೂತನಾಥ ದೇವಾಲಯ. ಈ ತುದಿಯಲ್ಲಿ, ಊರಿನ ಕಡೆ, ಉದ್ದಕ್ಕೆ ಕಲ್ಲಿನ ಮೆಟ್ಟಿಲು. ಬೆಳಿಗ್ಗೆ ಹೋದರೆ ಆ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಬಟ್ಟೆ ಕಲ್ಲಿಗೆ ಬೀಳುವ ಸದ್ದು ಬೆಟ್ಟಕ್ಕೆ ತಾಗಿ ಮತ್ತೊಂದು ಸಲ ಕೇಳಿಸುತ್ತದೆ. ಧಪ್ ಅಂದರೆ ಆ ಕಡೆಯಿಂದಲೂ ಒಂದು ಧಪ್. ಅದನ್ನು ಇವತ್ತು ನಿಮಗೆ ಇಲ್ಲಿಂದ ಕೇಳಿಸುವಂತಿದ್ದರೆ ನನ್ನ ಅರ್ಧ ಕೆಲಸ ಮುಗಿಯುತ್ತಿತ್ತು.

ಅತ್ತೆಯನ್ನು ಮೆಟ್ಟಿಲ ಮೇಲೆ ಕೂರಿಸಿ, ನೀರಿನ ಬಾಟಲಿ ಕೊಟ್ಟು, ಹುಡುಗರು ತಮ್ಮ ಹಳೇ ಫೋನ್ ಒಂದನ್ನು ಅವರ ಕೈಗಿಟ್ಟರು. ಬೇಕಾದರೆ ಫೋನ್ ಮಾಡಲಿ ಅಂತ. ಆಮೇಲೆ ಎಲ್ಲ ಮೇಲೆ ಓಡಿದರು. ನಾನು ಅತ್ತೆಯಿಂದ ಸ್ವಲ್ಪ ದೂರದಲ್ಲೇ ಉಳಿದೆ. ಗುಹೆ ನೋಡಿದ್ದೆ. ಅಲ್ಲದೆ ಗುಹೆಗೆ ಬೆಳಿಗ್ಗೆಯೇ ಓಡಬೇಕಾದ್ದೂ ಇಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಒಗೆಯುತ್ತಿದ್ದ ಒಬ್ಬ ಹೆಂಗಸು ಅತ್ತೆಯನ್ನು ನೋಡಿದಳು. "ಯಾಕ್ರಿ ಅವ್ವಾರ, ಒಬ್ಬಾಕೀನ ಕುಂತೀರಿ? ಮ್ಯಾಲ ಹೋಗಂಗಿಲ್ಲೇನ್ರಿ?"

"ಮಂಡಿ ಹಿಡ್ಕೊಂಡಿದೆ ಕಣಮ್ಮ, ಹತ್ತಕ್ಕಾಗಲ್ಲ."

"ಹೋಗ್ಲಿ ಬಿಡ್ರಿ. ಮ್ಯಾಲ ಏನೈತಿ, ಬರೇ ಕಲ್ಲು."

ಪುರಾತತ್ವ ಇಲಾಖೆಯವರು ಕೇಳಿಸಿಕೊಳ್ಳಬಾರದು, ಅಲ್ವಾ! ಅತ್ತೆಗೆ ನಗು ಬಂತು. ಮಾತು ಬೆಳೆಯಿತು. ಎಷ್ಟು ಮಕ್ಕಳು, ಸೊಸೆ ಹೇಗೆ, ನಿಮ್ಮ ಕಡೆ ಮಳೆ ಆಯಿತಾ. ಹದಿನೈದಿಪ್ಪತ್ತು ನಿಮಿಷ ಹಾಗೇ ಹೋಯಿತು. ಫೋನ್ ಮಡಿಲಲ್ಲೇ ಇತ್ತು. ಆಮೇಲೆ ಅತ್ತೆ ಕೇಳಿದರು, "ನಿನ್ನದೊಂದು ಫೋಟೋ ತಗೊಳ್ಳಲಾ?"

"ಬ್ಯಾಡ್ರಿ ಯವ್ವಾ! ಪೂರಾ ತೊಯ್ಸಿಕೊಂಡೇನಿ. ಹಿಂಗ ಫೋಟೋ ತೆಗೀತಾರೇನ್ರಿ? ಬೇಕಾದ್ರ ಈ ಸೀರೀದು ತಕ್ಕೋರಿ."

ಇಲ್ಲಿ ಸ್ವಲ್ಪ ಗಮನ ಕೊಡಿ. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ದೂರ ಹೋಗಿ ಜೂಮ್ ಮಾಡಿ ಕದ್ದು ತೆಗೆಯುತ್ತಿದ್ದೆವು. ಹಾಗೆ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅತ್ತೆ "ಆಯ್ತು ಕಣಮ್ಮ" ಅಂದರು. ಸೀರೆಯ ಹತ್ತಿರ ಬಗ್ಗಿದರು.

ಇಳಕಲ್ ಸೀರೆ ಅದು. ಇಳಕಲ್ ಕೂಡ ಬಾಗಲಕೋಟೆ ಜಿಲ್ಲೆಯೇ, ಹಾಗಾಗಿ ಅಲ್ಲಿ ಅದೇನು ದೊಡ್ಡ ವಿಷಯ ಅಲ್ಲ. ಕೆಂಪು ಸೆರಗು, ಅದರಲ್ಲಿ ಹಲ್ಲು ಹಲ್ಲಾಗಿ ಬಿಳಿ ಪಟ್ಟಿ. ಬಿಸಿ ಬಂಡೆಯ ಮೇಲೆ ಹರಡಿ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಿದ್ದರು. ಮೈಸೂರು ಸಿಲ್ಕ್ ಉಟ್ಟು ಬೆಳೆದ ನಮ್ಮ ಅತ್ತೆಗೆ ಸೀರೆ ಅಂದರೆ ಕಣ್ಣು ಚುರುಕು. "ಇದೇನು, ಸೆರಗು ಬೇರೆ ಮಾಡಿ ಹೊಲಿದಿದ್ದಾರಾ?" ಅಂತ ಕೇಳಿದರು. ಆ ಹೆಂಗಸು ಕೆಲಸ ಬಿಟ್ಟು ಎದ್ದು ಬಂದಳು. ಹೊಲಿದದ್ದಲ್ಲ, ಮಗ್ಗದಲ್ಲೇ ಒಡಲಿನ ನೂಲಿಗೆ ಸೆರಗಿನ ನೂಲನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ ಎಂದು ಹೇಳಿದಳು. ಹೇಳುತ್ತಾ ಒದ್ದೆ ಕೈಯಲ್ಲಿ ಆ ಜೋಡಣೆಯ ಗೆರೆ ತೋರಿಸಿದಳು. ಅತ್ತೆ ಆಗ ಒತ್ತಿದರು.

ಆ ಫೋಟೋದಲ್ಲಿ ಏನಿದೆ ಕೇಳಿ. ನೀರಲ್ಲಿ ನೆನೆದು ಸುಕ್ಕುಗಟ್ಟಿದ ಒಂದು ಹೆಬ್ಬೆರಳು. ಉಗುರಿನ ಮೂಲೆಯಲ್ಲಿ ಸ್ವಲ್ಪ ಸೋಪಿನ ನೊರೆ. ಅದರ ಕೆಳಗೆ ಕಡು ನೀಲಿ ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಗೆರೆ. ಗೆರೆಯ ಉದ್ದಕ್ಕೂ ಸಾಸಿವೆಯಷ್ಟು ಸಣ್ಣ ಗಂಟು ಗಂಟು. ಮಣಿಕಟ್ಟಿನಲ್ಲಿ ಹಸಿರು ಬಳೆ. ಮುಖ ಇಲ್ಲ, ಬೆಟ್ಟ ಇಲ್ಲ, ಕೆರೆ ಇಲ್ಲ. ಆದರೂ ಅದನ್ನು ನೋಡಿದವರು ಯಾವ ಸೀಮೆ ಎಂದು ಹೇಳುತ್ತಾರೆ.

ಇನ್ನೊಂದು ಫೋಟೋ ಆಮೇಲೆ ತೆಗೆದದ್ದು. ಇಬ್ಬರು ಹೆಂಗಸರು ಸೀರೆಯ ಎರಡು ತುದಿ ಹಿಡಿದು ಹಿಂಡುತ್ತಿದ್ದಾರೆ. ಇವಳು ಈ ಕಡೆಗೆ, ಅವಳು ಆ ಕಡೆಗೆ ತಿರುಚುತ್ತಾಳೆ. ಕಾಣುವುದು ನಾಲ್ಕು ಕೈ, ನಡುವೆ ಹಗ್ಗ ಆದ ಸೀರೆ, ಅದರಿಂದ ಸುರಿಯುವ ನೀರು. ಬೆಳಗಿನ ಸೂರ್ಯ ಎದುರುಗಡೆ, ಕೆರೆಯಾಚೆ ಇದ್ದ. ಹಾಗಾಗಿ ಒಂದೊಂದು ಹನಿಯೂ ಹೊತ್ತಿಕೊಂಡ ಹಾಗೆ ಇದೆ. ಸೂರ್ಯನ ಎದುರು ಫೋಟೋ ತೆಗೆಯಬೇಡಿ ಎಂದು ನಿಮಗೆ ಯಾರೋ ಹೇಳಿರುತ್ತಾರೆ. ಮರೆತುಬಿಡಿ. ನೀರು, ಹೊಗೆ, ಧೂಳು, ಹಬೆ, ಎಲೆ ಇವೆಲ್ಲ ಎದುರು ಬೆಳಕಿನಲ್ಲೇ ಚಂದ.

ಹುಡುಗರು ಬೆಟ್ಟ ಇಳಿದು ಬಂದರು. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಒಬ್ಬೊಬ್ಬರೂ ನಿಂತು ತೆಗೆಸಿಕೊಂಡಿದ್ದರು. ಒಬ್ಬನ ತಿಂಡಿ ಪೊಟ್ಟಣವನ್ನು ಮಂಗ ಕಿತ್ತುಕೊಂಡಿತ್ತು. ಅದರ ಫೋಟೋ ಕೇಳಿದರೆ ಯಾರೂ ತೆಗೆದಿರಲಿಲ್ಲ! ಟೆಂಪೋದಲ್ಲಿ ಕೂತು ಅತ್ತೆಯ ಫೋನ್ ನೋಡಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡ ಹುಡುಗ ಕೇಳಿದ, "ಅಜ್ಜಿ, ಇಷ್ಟು ಶಾರ್ಪಾಗಿ ಹೆಂಗೆ ಬಂತು? ಈ ಫೋನ್‌ನಲ್ಲಿ ನಾವು ತೆಗೆದರೆ ಎಲ್ಲ ಮಸುಕು ಮಸುಕು ಬರ್ತಿತ್ತು."

ಅತ್ತೆ ಅಂದರು, "ಜಿಡ್ಡು ಜಿಡ್ಡಾಗಿತ್ತು ಕಣೋ. ಸೆರಗಲ್ಲಿ ಒರೆಸಿದೆ."

ಕನ್ನಡಕ ಒರೆಸುವ ಅಭ್ಯಾಸ ಅವರಿಗೆ. ಕೇಳುಗರೇ, ನಾನು ದುಡ್ಡು ತೆಗೆದುಕೊಂಡು ಹೇಳಿಕೊಡುವ ಮೊದಲ ಪಾಠ ಅದೇ. ನಿಮ್ಮ ಫೋನಿನ ಲೆನ್ಸ್ ಮೇಲೆ ಬೆರಳ ಜಿಡ್ಡು ಇದ್ದೇ ಇರುತ್ತದೆ. ಬೆಳಕಿನ ಕಡೆ ತಿರುಗಿಸಿದ ತಕ್ಷಣ ಆ ಜಿಡ್ಡು ಬೆಳಕನ್ನು ಚದುರಿಸಿ ಫೋಟೋವನ್ನೆಲ್ಲ ಮಂಕು ಮಾಡುತ್ತದೆ. ಮೆತ್ತಗಿನ ಹತ್ತಿ ಬಟ್ಟೆಯಿಂದ ಒರೆಸಿ. ಪ್ರತಿ ಸಲ ಒರೆಸಿ. ಹೊಸ ಫೋನಿಗೆ ಸಾಲ ಮಾಡುವ ಮೊದಲು ಹಳೆಯದನ್ನು ಒರೆಸಿ ನೋಡಿ.

ಅತ್ತೆ ಏನು ಮಾಡಿದರು? ನಿಂತರು. ನಿಲ್ಲಲು ಆಗದೆ ಕೂತರು ಅನ್ನಿ. ಓಡಾಡಲು ಆಗದ್ದರಿಂದಲೇ ಅವರಿಗೆ ಸಿಕ್ಕಿತು. ಓಡಾಡಲು ಆಗುವವರು ನೀವು ಬೇಕೆಂದೇ ನಿಲ್ಲಬೇಕು, ಅಷ್ಟೇ ವ್ಯತ್ಯಾಸ.

ಅತ್ತೆಯ ಕಥೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಹೇಳಬೇಕೆಂದು ಬರೆದುಕೊಂಡು ಬಂದದ್ದು ಇನ್ನೂ ಇದೆ. ಬೇಗ ಬೇಗ ಹೇಳುತ್ತೇನೆ.

ಹಂಪಿಗೆ ಬರೋಣ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಧಿಕಾರಿ ಅಲ್ಲಿ ಫೋಟೋ ತೆಗೆದ. ಮೇಣ ಸವರಿದ ಕಾಗದವೇ ಅವನ ನೆಗೆಟಿವ್. ಆ ಕಾಗದದ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕು. ಅಲ್ಲಾಡದೆ ಇದ್ದದ್ದು ಮಾತ್ರ ಮೂಡುತ್ತದೆ. ನಡೆದು ಹೋದ ಮನುಷ್ಯ, ಓಡಿದ ನಾಯಿ, ಮೇಯುವ ಎಮ್ಮೆ, ಯಾವುದೂ ಬರುವುದಿಲ್ಲ. ಹಾಗಾಗಿ ಆ ಕಾಲದ ಹಂಪಿ ನಮಗೆ ಉಳಿದಿರುವುದು ಬರೀ ಕಲ್ಲಾಗಿ. ಅವನಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ಫೋನ್ ಹಾರುವ ನೊಣವನ್ನೂ ಹಿಡಿಯುತ್ತದೆ. ಆದರೂ ನಾವು ಕಲ್ಲನ್ನೇ ಹಿಡಿಯುತ್ತೇವೆ. "ಸ್ವಲ್ಪ ಸರೀರಿ, ಫ್ರೇಮಿಗೆ ಬರ್ತಿದ್ದೀರಿ" ಎಂದು ಊರಿನವರನ್ನೇ ಆಚೆಗೆ ಕಳಿಸುತ್ತೇವೆ. ಅವರ ಊರಿನಲ್ಲಿ ಅವರೇ ಅಡ್ಡ ನಮಗೆ!

ಗ್ರೀನ್‌ಲಾ ತೆಗೆದ ಕಲ್ಲಿನ ರಥದ ಚಿತ್ರ ನೋಡಿದರೆ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಇವತ್ತು ಅದಿಲ್ಲ. ಕಲ್ಲಿನ ಊರಲ್ಲೂ ಇದ್ದದ್ದು ಇಲ್ಲವಾಗುತ್ತದೆ. ಜನರ ಬದುಕಂತೂ ಕೇಳುವುದೇ ಬೇಡ. ವಿರೂಪಾಕ್ಷ ದೇವಸ್ಥಾನದ ಮುಂದಿನ ಬಜಾರು ನೆನಪಿದೆಯಾ? ಹಳೆಯ ಸಾಲು ಮಂಟಪಗಳಲ್ಲೇ ಮನೆ, ಹೋಟೆಲು, ಬಳೆ ಅಂಗಡಿ, ಪುಸ್ತಕದ ಅಂಗಡಿ. ಕೆತ್ತಿದ ಕಂಬಕ್ಕೆ ಹಗ್ಗ ಕಟ್ಟಿ ಟವೆಲ್ ಒಣಗಿಸುತ್ತಿದ್ದರು. 2011ರಲ್ಲಿ ಅದೆಲ್ಲ ತೆರವಾಯಿತು. ಸರಿಯೋ ತಪ್ಪೋ, ಆ ವಾದ ಇವತ್ತು ಬೇಡ. ಅಲ್ಲಿಗೆ ಹೋದವರ ಹತ್ತಿರವೆಲ್ಲ ರಥದ ಫೋಟೋ ಇದೆ. ಆ ಟವೆಲಿನ ಫೋಟೋ ಯಾರ ಹತ್ತಿರ ಇದೆ? ಅಲ್ಲಿ ನಿಂತು ಟೀ ಕುಡಿದವರ ಹತ್ತಿರ ಇರಬಹುದು.

ಅದೇ ದೇವಸ್ಥಾನದೊಳಗೆ, ಗರ್ಭಗುಡಿಯ ಹಿಂದೆ, ಒಂದು ಕತ್ತಲೆ ಕೋಣೆ ಇದೆ. ಗೋಡೆಯ ಕಿಂಡಿಯಿಂದ ಬೆಳಕು ಬಂದು ಎದುರಿನ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಬೆಳಕು ನೇರ ಹೋಗುತ್ತದೆ, ಗೋಪುರದ ತುದಿಯಿಂದ ಹೊರಟದ್ದು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ ಹೋಗುತ್ತದೆ. ಎಲ್ಲ ಕ್ಯಾಮೆರಾದೊಳಗೂ ನಡೆಯುವುದು ಇದೇ. ಮಕ್ಕಳಿಗೆ ತೋರಿಸಿ. ಆದರೆ ಬಿಸಿಲಿಂದ ಒಳಗೆ ಹೋದವರ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಗೈಡ್ ಹೇಳಿದ, ಇವರು ಹೌದೌದು ಅಂದರು, ಹೊರಟರು. ಏನೂ ಕಂಡಿರುವುದಿಲ್ಲ! ನಿಲ್ಲಿ ಅಂದೆನಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದವರೆಲ್ಲ ಬಣ್ಣಬಣ್ಣದ ಕುಂಕುಮದ ರಾಶಿ ತೆಗೆಯುತ್ತಾರೆ. ಅದೂ ಈಗ ಕಲ್ಲಿನ ರಥವೇ ಆಗಿದೆ ಬಿಡಿ. ಎರಡು ಹೆಜ್ಜೆ ಆಚೆ ಹೂವಿನವರ ಹತ್ತಿರ ನಿಲ್ಲಿ. ಮೊಳ ಹಾಕುವ ಕೈಯನ್ನು ನೋಡಿ. ಮೊಣಕೈಯಿಂದ ಬೆರಳ ತುದಿಗೆ ದಾರ ಎಳೆಯುವಾಗ ಒಬ್ಬರ ಕೈ ಧಾರಾಳ, ಒಬ್ಬರ ಬೆರಳು ಮೊದಲೇ ಮಡಚಿರುತ್ತದೆ. ಕೊಳ್ಳುವವಳ ಕಣ್ಣು ಆ ಬೆರಳಿನ ಮೇಲೆಯೇ. ಒಂದು ಮೊಳ ಮಲ್ಲಿಗೆ ಕೊಳ್ಳಿ, ಆಮೇಲೆ ಕೇಳಿ ತೆಗೆಯಿರಿ. ಒಂದು ಎಚ್ಚರ ಮಾತ್ರ. ಅಂಗಡಿ ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದರೆ ಅದರ ಕೆಳಗೆ ಎಲ್ಲರ ಮುಖವೂ ನೀಲಿ ಬರುತ್ತದೆ. ಟಾರ್ಪಾಲು ಇಲ್ಲದ ಕಡೆ ನಿಲ್ಲಿ.

ಮೈಸೂರು ಅಂದ ಮೇಲೆ ಟಿ. ಎಸ್. ಸತ್ಯನ್ ಅವರನ್ನು ನೆನೆಯದೆ ಹೇಗೆ? 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ದೊಡ್ಡ ದೊಡ್ಡ ಪತ್ರಿಕೆಗಳಿಗೆ ಫೋಟೋ ತೆಗೆದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಇರುವುದೆಲ್ಲ ನಾವು ದಿನಾ ನೋಡುವ ಜನ, ದಿನಾ ನಡೆಯುವ ಸಂಗತಿ. ಯಾರೂ ಅವರಿಗಾಗಿ ಸೆಟೆದು ನಿಂತಿಲ್ಲ. ಅವರು ಅಲ್ಲಿದ್ದಾರೆ ಎಂಬುದನ್ನು ಮರೆತವರ ಮುಖ ಅವು. ಸಿಕ್ಕಿದರೆ ಹುಡುಕಿ ನೋಡಿ. ರೀಲ್ಸ್ ನೋಡುವ ಹೊತ್ತಿನಲ್ಲಿ ಅದನ್ನು ನೋಡಬಹುದು.

ಈಗ ಬಾದಾಮಿಯ ಬೆಳಕಿನ ವಿಷಯ, ಹೇಳುತ್ತೇನೆ ಅಂದಿದ್ದೆ. ಗುಹೆಗಳು ಉತ್ತರಕ್ಕೆ ಮುಖ ಮಾಡಿವೆ. ನೇರ ಬಿಸಿಲು ಒಳಗೆ ನುಗ್ಗುವುದಿಲ್ಲ. ಮಧ್ಯಾಹ್ನದ ಬಿಸಿಲು ಹೊರಗೆ ಬಂಡೆಗೆ ಬಿದ್ದು ಮೆತ್ತಗಾಗಿ ಒಳಗೆ ಬರುತ್ತದೆ. ಆದ್ದರಿಂದ ಗುಹೆಗಳಿಗೆ ಮಧ್ಯಾಹ್ನ ಹೋಗಿ. ಮೂರನೆಯ ಗುಹೆಯಲ್ಲಿ 578ನೇ ಇಸವಿಯ ಶಾಸನ ಇದೆ, ನೆರಳಲ್ಲಿ ನಿಂತು ನಿಧಾನಕ್ಕೆ ನೋಡಿ. ಬೆಳಿಗ್ಗೆ ಕೆರೆಯ ಮೆಟ್ಟಿಲು. ಸಂಜೆಯೂ ಕೆರೆಯ ಹತ್ತಿರವೇ ಇರಿ, ಯಾಕೆಂದರೆ ಭೂತನಾಥ ದೇವಾಲಯ ಪಶ್ಚಿಮಕ್ಕೆ ತಿರುಗಿದೆ. ಮುಳುಗುವ ಸೂರ್ಯ ನೇರ ಅದರ ಮೇಲೆ ಬೀಳುತ್ತಾನೆ. ಹೀಗೆ ಬಾದಾಮಿಗೇ ಒಂದು ದಿನ ಪೂರ್ತಿ ಬೇಕು. ಪಟ್ಟದಕಲ್ಲು ನಾಳೆ. ಐಹೊಳೆ ಮುಂದಿನ ಸಲ. ಎಲ್ಲಿಗೂ ಓಡಿ ಹೋಗುವುದಿಲ್ಲ ಅವು.

ಫೋನಿನ ವಿಷಯ ಎರಡೇ ಮಾತು. ಜೂಮ್ ಎಳೆಯಬೇಡಿ, ಎರಡು ಹೆಜ್ಜೆ ಹತ್ತಿರ ಹೋಗಿ. ಪರದೆಯ ಮೇಲೆ ಬೆಳ್ಳಗಿರುವ ಜಾಗವನ್ನು ಬೆರಳಲ್ಲಿ ಮುಟ್ಟಿ, ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ, ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬಣ್ಣ ಗಟ್ಟಿಯಾಗುತ್ತದೆ. ಉಳಿದ ಬಟನ್‌ಗಳನ್ನೆಲ್ಲ ಫೋನ್ ಮಾಡಿದವರು ತಮ್ಮ ಸಮಾಧಾನಕ್ಕೆ ಇಟ್ಟಿದ್ದಾರೆ.

ಕೊನೆಗೆ ಒಂದು ಕೆಲಸ, ಇದನ್ನು ಯಾರೂ ಮಾಡುವುದಿಲ್ಲ. ಯಾರದಾದರೂ ಫೋಟೋ ತೆಗೆದು "ಕಳಿಸ್ತೀನಿ" ಅಂದಿರಾ? ಕಳಿಸಿ. ವಾಟ್ಸಾಪ್ ಇದ್ದರೆ ಅಲ್ಲೇ, ನಿಂತ ಜಾಗದಲ್ಲೇ ಕಳಿಸಿಬಿಡಿ. ಇಲ್ಲದಿದ್ದರೆ ಪ್ರಿಂಟ್ ಹಾಕಿಸಿ ಅಂಚೆಗೆ ಹಾಕಿ. ಒಂದು ಪ್ರಿಂಟ್‌ಗೆ ಟೀ ದುಡ್ಡಿಗಿಂತ ಜಾಸ್ತಿ ಏನೂ ಆಗುವುದಿಲ್ಲ. ವಿಳಾಸವನ್ನು ಮನೆಗೆ ಹೋಗಿ ನೆನಪು ಮಾಡಿಕೊಳ್ಳುತ್ತೇನೆ ಅನ್ನಬೇಡಿ. ಹೆಸರು, ಓಣಿ, ಊರು, ಪಿನ್‌ಕೋಡ್ ಎಲ್ಲ ಆಗಲೇ ಬರೆದುಕೊಳ್ಳಿ. ಪೆನ್ನು ಇಲ್ಲದಿದ್ದರೆ ಅವರ ಮನೆಯ ಕರೆಂಟ್ ಬಿಲ್ಲಿನದೇ ಒಂದು ಫೋಟೋ ಕೇಳಿ ತೆಗೆದುಕೊಳ್ಳಿ, ಅದರಲ್ಲಿ ವಿಳಾಸ ಇರುತ್ತದೆ.

ನನ್ನ ಸಮಯ ಮುಗಿಯಿತು. ನಮಸ್ಕಾರ.